ಜಿಂಕೆಗೆ ಕಟ್ಟಿದ ಗಂಟು

ರಾತ್ರಿ ಕದಿರಪ್ಪ ಮುದ್ದೆ ಉಣ್ಣಲು ಮನೆಗೆ ಹೋಗಿದ್ದ ಹೊತ್ತು ನೋಡಿಕೊಂಡು ಜಿಂಕೆಗಳು ಬಂದು ಒಂದು ಸಾಲು ಹುಣಸೆ ಸಸಿಗಳ ಚಿಗುರನ್ನೆಲ್ಲ ಮೇಯ್ದು ಹೋಗಿದ್ದವು. ಬೆಳಿಗ್ಗೆ ನೋಡಿದರೆ ಸಸಿಗಳು ಆಗ ತಾನೇ ತಿರುಪತಿಯಿಂದ ಇಳಿದು ಬಂದ ಭಕ್ತರ ಹಾಗೆ ಬೋಳಾಗಿ ನಿಂತಿದ್ದವು.

ಕ್ಯಾಸಂಬಳ್ಳಿ ಕಡೆಯ ಆ ಗುಡ್ಡದ ನೆಡುತೋಪಿಗೆ ಕದಿರಪ್ಪ ದಿನಗೂಲಿ ಕಾವಲುಗಾರ. ಅವನು ಹಾಕಿದ್ದ ಮುಳ್ಳುಬೇಲಿ ಹಸಿಯಾಗಿದ್ದಷ್ಟು ದಿನ ಬೇಲಿಯಾಗಿತ್ತು, ಒಣಗಿದ ಮೇಲೆ ಊರಿನವರ ಒಲೆ ಸೇರಿತ್ತು. ರೇಂಜರ್ ಸಾಹೇಬರು ಹೋದ ವಾರವೇ ಹೇಳಿದ್ದರು: "ಶುಕ್ರವಾರ ಸಂಜೆ ಬರ್ತೀನಿ. ಜಿಂಕೆ ಕಾಟ ನಿಂತಿದ್ರೆ ನಿನ್ನ ಖಾಯಂ ಮಾಡೋಕೆ ಬರೀತೀನಿ. ಇಲ್ದಿದ್ರೆ ಬೇರೆಯವನನ್ನ ನೋಡ್ಕೋತೀನಿ." ಇವತ್ತೇ ಶುಕ್ರವಾರ.

ಮನುಷ್ಯರ ಕೂದಲಿನ ವಾಸನೆಗೆ ಜಿಂಕೆ ಹತ್ತಿರ ಸುಳಿಯುವುದಿಲ್ಲ ಎಂದು ಬಂಗಾರಪೇಟೆ ಸಂತೆಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಕದಿರಪ್ಪ ಗೋಣಿಚೀಲ ಹಿಡಿದು ಮೊದಲ ಬಸ್ಸಿಗೇ ಚಿನ್ನದ ಗಣಿಯವರ ಕಾಲೋನಿ ಮೈಸೂರು ಮೈನ್ಸಿಗೆ ಹೋದ. ರಾತ್ರಿ ಪಾಳಿ ಮುಗಿಸಿ ಬಂದ ಗಣಿ ಕೆಲಸಗಾರರು ಕ್ಷೌರದಂಗಡಿಯಲ್ಲಿ ಕೂತಿದ್ದರು.

"ಕೂದ್ಲು ಬೇಕಾಗಿತ್ತು ಅಣ್ಣಾ," ಎಂದ.

ಅಂಗಡಿಯವನು ಕತ್ತರಿ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎಲ್ಲಾರೂ ಬಿಟ್ಟೋಗಕ್ಕೆ ಬರ್ತಾರೆ. ತಗೊಂಡೋಗಕ್ಕೆ ಬಂದಿದ್ದು ನೀನೊಬ್ನೇ. ಗುಡಿಸಿ ತುಂಬ್ಕೋ, ನನ್ಗೂ ಕೆಲ್ಸ ಉಳೀತು."

ಮನೆಯಲ್ಲಿ ಹೆಂಡತಿ ಓಬಳಮ್ಮನ ಹಳದಿ ಸೀರೆಯೊಂದು ಗಳುವಿನ ಮೇಲೆ ನೇತಾಡುತ್ತಿತ್ತು. ಹಳೆಯದೇ ಇರಬೇಕೆಂದು ಅಂದುಕೊಂಡು ಅದನ್ನು ಹರಿದು, ಕೂದಲಿನ ಚಿಕ್ಕ ಚಿಕ್ಕ ಗಂಟು ಮಾಡಿ ಸಸಿ ಸಸಿಗೂ ಕಟ್ಟಿದ.

ಮಧ್ಯಾಹ್ನ ಎಮ್ಮೆ ಹೊಡೆದುಕೊಂಡು ಬಂದ ಪಕ್ಕದ ಮನೆಯ ಅಕ್ಕಯ್ಯಮ್ಮ ನಿಂತೇಬಿಟ್ಟಳು.

"ಏನ್ಲಾ ಕದಿರಪ್ಪ, ಅಳದಿ ಬಟ್ಟೆ ಗಂಟು. ಒಳ್ಗೇನೈತೆ?"

"ಕೂದ್ಲಕ್ಕಾ."

"ಮುಡಿ ಕೊಟ್ಟೀಯಾ? ಯಾವ ಅರಕೆ?"

"ಅರಕೇನೂ ಇಲ್ಲ, ಏನೂ ಇಲ್ಲ. ಜಿಂಕೆ ಬರ್ಬಾರ್ದು ಅಂತ ಕಟ್ಟಿವ್ನಿ. ಮೈನ್ಸ್‌ನೋರ ಕ್ಷೌರದ ಕೂದ್ಲು."

ಅಕ್ಕಯ್ಯಮ್ಮ ಎಲ್ಲ ಅರ್ಥವಾದವಳ ಹಾಗೆ ತಲೆ ಆಡಿಸಿದಳು. "ಬುಡು, ಏಳ್ಬೇಡ. ಅರಕೆ ಬಾಯ್ಬಿಟ್ಟೇಳಿದ್ರೆ ಫಲಿಸಾಕಿಲ್ಲ. ನಾನೂ ಕೇಳಾಕಿಲ್ಲ."

ಕೇಳಲಿಲ್ಲ, ಊರಿಗೆಲ್ಲ ಹೇಳಿದಳು. ಅಮ್ಮನ ವಾರ, ಶುಕ್ರವಾರ ಬೇರೆ. ಹೊತ್ತು ಇಳಿಯುವ ಮೊದಲೇ ಹೆಂಗಸರು ಅರಿಶಿನ, ಕುಂಕುಮ, ಕರ್ಪೂರ ಹಿಡಿದು ಗುಡ್ಡ ಹತ್ತಿದರು. ಕದಿರಪ್ಪ ಸಾಲಿನಿಂದ ಸಾಲಿಗೆ ಓಡಾಡಿ, ಅದು ಬರೀ ಕ್ಷೌರದ ಕೂದಲೆಂದು ಆಣೆ ಇಟ್ಟ. ಅವನು ಇಲ್ಲ ಎಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಊರಿನ ಹಿರಿಯ ಅಶ್ವತ್ಥಪ್ಪ ತನ್ನ ಮನೆಯ ಪೂಜೆ ಗಂಟೆಯನ್ನೇ ತಂದು ಬಾರಿಸತೊಡಗಿದ.

ಕೊನೆಗೆ ಓಬಳಮ್ಮನೂ ಬಂದಳು. ಒಂದು ಗಂಟನ್ನು ಹಿಡಿದು ಅಂಚು ನೋಡಿದಳು.

"ಇದು ನಮ್ಮಣ್ಣ ಗೌರಿ ಅಬ್ಬಕ್ಕೆ ಕೊಟ್ಟಿದ್ ಸೀರೆ ಅಲ್ವಾ?"

ಅಕ್ಕಯ್ಯಮ್ಮ ಮರುಗಿದಳು. "ತೌರಿನ ಸೀರೆ ಅರಿದು ಕಟ್ಟೋವಂತ ಕಷ್ಟ ಏನವ್ವಾ ನಿಂಗೆ?"

"ಐತೆ ಬುಡಕ್ಕಾ," ಎಂದಳು ಓಬಳಮ್ಮ, ಗಂಡನನ್ನೇ ನೋಡುತ್ತ. "ಎದ್ರುಗೇ ನಿಂತೈತೆ."

ಅಷ್ಟರಲ್ಲಿ ಜೀಪು ಬಂತು. ಗಿಡಗಳ ನಡುವೆ ಕರ್ಪೂರದ ಹೊಗೆ ನೋಡಿ ಸಾಹೇಬರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವುದಕ್ಕೂ ಗುಡ್ಡದ ಓರೆಯಲ್ಲಿ ಜಿಂಕೆಗಳು ತಲೆ ಎತ್ತುವುದಕ್ಕೂ ಸರಿಹೋಯಿತು.

ಅಶ್ವತ್ಥಪ್ಪ ಗಂಟೆ ಬಾರಿಸಿದ. "ದೇವ್ರ ಗಿಡಕ್ಕೆ ಬಾಯಾಕ್ತೀರಾ?" ಎಂದು ಅಕ್ಕಯ್ಯಮ್ಮ ಕೋಲು ಎತ್ತಿಕೊಂಡು ನುಗ್ಗಿದಳು, ಹಿಂದೆ ಇಡೀ ಊರು. ಜಿಂಕೆಗಳು ತಿರುಗಿಯೂ ನೋಡದೆ ಕಣಿವೆಗೆ ಇಳಿದುಹೋದವು.

ಸಾಹೇಬರು ಬೂಟು ಬಿಚ್ಚಿ, ಕುಂಕುಮ ಇಡಿಸಿಕೊಂಡರು.

"ಬೇಲಿ ಹಾಕಿಸಿದ್ವಿ, ಕಂದಕ ತೋಡಿಸಿದ್ವಿ, ಯಾವುದೂ ನಿಲ್ಲಲಿಲ್ಲ. ಇದು ನಿನ್ನ ತಲೆಗೆ ಹೊಳೀತಲ್ಲ ಕದಿರಪ್ಪ, ಭೇಷ್."

ಕದಿರಪ್ಪ ಕೈ ಮುಗಿದ. "ಅಂಗಾದ್ರೆ ಖಾಯಂ ಮಾಡ್ತೀರಾ ಸಾಮಿ?"

"ಯಾವುದನ್ನ? ಇಡೀ ಊರೇ ಕಾಯ್ತಿರೋವಾಗ ಇಲ್ಲಿ ಕಾವಲುಗಾರ ಯಾಕೆ ಬೇಕು? ನಾಳೆಯಿಂದ ನೀನು ಬರೋದು ಬೇಡ. ದೇವಿ ಇದ್ದಾಳೆ, ನೋಡ್ಕೋತಾಳೆ."

ಜೀಪು ಹೋಯಿತು. ಊರಿನವರು ಪ್ರಸಾದ ಹಂಚಿಕೊಂಡು ಒಬ್ಬೊಬ್ಬರಾಗಿ ಇಳಿದರು. ಕದಿರಪ್ಪ ಚೀಲದ ತಳದಲ್ಲಿ ಉಳಿದಿದ್ದ ಕೂದಲನ್ನು ಬಳಿದು, ಸೀರೆಯ ಕೊನೆಯ ಚೂರಿನಲ್ಲಿ ಗಂಟು ಕಟ್ಟಿದ. ಬೋಳು ಹುಣಸೆ ಸಸಿಯೊಂದಕ್ಕೆ ಅದನ್ನು ಬಿಗಿದು, ಕಣ್ಣು ಮುಚ್ಚಿ ಬೇಡಿಕೊಂಡ.

"ಅಮ್ಮಾ, ಆ ಜಿಂಕೆಗಳ್ನ ವಾಪಸ್ ಕಳ್ಸು ತಾಯೀ. ಒಂದೆರಡು ಸಾಲು ಮೇಯ್ಲಿ. ನನ್ ಕೆಲ್ಸ ಉಳೀಲಿ."

ಹಿಂದಿನಿಂದ ಯಾರೋ ಲೊಚಗುಟ್ಟಿದರು. ತಿರುಗಿ ನೋಡಿದರೆ, ಮರೆತುಹೋದ ಆರತಿ ತಟ್ಟೆ ಹುಡುಕಿಕೊಂಡು ಬಂದ ಅಕ್ಕಯ್ಯಮ್ಮ.

"ಮಧ್ಯಾನ್ನ ಅಷ್ಟು ಏಳಿದ್ನಲ್ಲಾ ನಿಂಗೆ," ಎಂದಳು ಅವಳು ತಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತ. "ಬಾಯ್ಬಿಟ್ಟೇಳ್ಬುಟ್ಟೆ. ಇನ್ನದು ಫಲಿಸಾಕಿಲ್ಲ, ನಡಿ ಮನೆಗೆ."