ಜಿಗಿಯುವ ಜೀವಿಗಳ ಕುರಿತು ಸುತ್ತೋಲೆ

ಕೆ.ಆರ್. ನಗರದ ಜೀವಿ ಉಪಟಳ ನಿವಾರಣಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಅಧೀಕ್ಷಕರಾಗಿ ನಿವೃತ್ತರಾದ ಸೋಮಶೇಖರ್ ಅವರು ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ಉಪಟಳವನ್ನೂ ನಿವಾರಿಸಿರಲಿಲ್ಲ. ಆದರೆ ಒಂದು ಅರ್ಜಿಯನ್ನೂ ಹಿಂಬರಹ ಕೊಡದೆ ಬಿಟ್ಟವರಲ್ಲ. ಬೀಳ್ಕೊಡುಗೆಯ ದಿನ ಎಲ್ಲರೂ ಈ ಎರಡನೆಯ ಸಂಗತಿಯನ್ನು ಹೊಗಳಿದರು. ಮೊದಲನೆಯದು ಯಾರಿಗೂ ನೆನಪಾಗಲಿಲ್ಲ, ಸ್ವತಃ ಸೋಮಶೇಖರರಿಗೂ.

ನಿವೃತ್ತಿಯಾದ ಮೇಲೆ ಅವರು ಮನೆ ಮುಂದಿನ ಇಪ್ಪತ್ತಕ್ಕೆ ಮೂವತ್ತು ಅಡಿ ಜಾಗದಲ್ಲಿ ಲಾನ್ ಹಾಕಿಸಿದರು. "ಹುಲ್ಲು ಬೆಳೆಸೋದೇ ಆದ್ರೆ ಒಂದು ಹಸುನಾದ್ರೂ ತನ್ನಿ" ಎಂದರು ಹೆಂಡತಿ ನೀಲಾಂಬಿಕೆ. ಸೋಮಶೇಖರರು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರೆ, ತಾವಿನ್ನೂ ಯಾವುದೋ ಒಂದರ ಮುಖ್ಯಸ್ಥರು ಎಂದು ಅನ್ನಿಸುತ್ತಿತ್ತು.

ಮೂರನೇ ತಿಂಗಳಿಗೆ ಅಳಿಲುಗಳು ಬಂದವು. ನೀಲಾಂಬಿಕೆ ತಾರಸಿಯಲ್ಲಿ ಒಣಹಾಕಿದ್ದ ಕಡಲೆಕಾಯಿಯನ್ನು ಕದ್ದು ತಂದು ಲಾನಿನಲ್ಲಿ ಹೂತಿಟ್ಟವು. ಹೂತದ್ದೆಲ್ಲಿ ಎಂಬುದು ಮರೆತುಹೋಗಿ ಇಡೀ ಲಾನನ್ನು ಕೆದಕಿ ಹುಡುಕಿದವು. ಸೋಮಶೇಖರರು ಮೆಣಸಿನಪುಡಿ ಎರಚಿದರು. ಗಾಳಿ ತಿರುಗಿ, ತಾವೇ ಅರ್ಧ ಗಂಟೆ ಸೀನಿದರು. ತಟ್ಟೆ ಬಡಿದರು. ಅಳಿಲು ಹೋಗಲಿಲ್ಲ, ಊಟಕ್ಕೆ ಕರೆಯುತ್ತಿದ್ದಾರೆಂದು ತಿಳಿದು ಎದುರುಮನೆಯ ದಾಸಯ್ಯನವರು ಬಂದರು. ಕೊನೆಗೆ "ಇದಕ್ಕೇ ಅಂತ ಒಂದು ಕಚೇರಿ ಇದೆಯಲ್ಲ" ಎಂದು ಅರ್ಜಿ ಬರೆದುಕೊಂಡು ಹೊರಟರು. ಆ ಕಚೇರಿಯಿಂದ ಏನಾದರೂ ಕೆಲಸವಾದೀತು ಎಂಬ ನಂಬಿಕೆ ಅವರಲ್ಲಿ ಹುಟ್ಟಿದ್ದು ಅದೇ ಮೊದಲು.

ಅವರ ಕುರ್ಚಿಯಲ್ಲೀಗ ಉಷಾರಾಣಿ ಇದ್ದರು. ಹಿಂಬರಹ ಬರೆಯುವುದನ್ನು ಸೋಮಶೇಖರರೇ ಕೈಹಿಡಿದು ಕಲಿಸಿದ ಶಿಷ್ಯೆ. ಆಕೆ ಎದ್ದು ನಿಂತು ನಮಸ್ಕರಿಸಿದರು, ಕಾಫಿ ತರಿಸಿದರು, ಆಮೇಲೆ ಪೆನ್ನು ಕೈಗೆತ್ತಿಕೊಂಡರು.

"ಸರ್, ಕೆದಕುವಾಗ ಅಳಿಲು ಎಲ್ಲಿತ್ತು?"

"ನೆಲದ ಮೇಲಮ್ಮ."

"ಅದಕ್ಕೂ ಮೊದಲು?"

"ನುಗ್ಗೆಮರದ ಮೇಲೆ."

"ನಡುವೆ?"

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಸೋಮಶೇಖರರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಒಂದು ಕೋತಿ ಅರ್ಜಿಯ ಕಾಟ ತಾಳಲಾರದೆ, ಊಟದ ಬಿಡುವಿನೊಳಗೆ ಅವರೇ ಒಂದು ಸುತ್ತೋಲೆಯ ಕರಡು ಬರೆದಿದ್ದರು: "ಕೋತಿ ಹಾಗೂ ತತ್ಸಮಾನ ಜೀವಿಗಳು ಮರದ ಮೇಲಿದ್ದಲ್ಲಿ ಒಂದನೇ ಶಾಖೆಗೂ, ನೆಲದ ಮೇಲಿದ್ದಲ್ಲಿ ಎರಡನೇ ಶಾಖೆಗೂ ಒಳಪಡತಕ್ಕದ್ದು. ಜಿಗಿಯುತ್ತಿದ್ದಲ್ಲಿ ಯಾವ ಶಾಖೆಗೂ ಒಳಪಡವು. ಜಿಗಿತ ಸಂಪೂರ್ಣವಾಗಿ ನಿಂತ ನಂತರವೇ ಅರ್ಜಿ ಸ್ವೀಕರಿಸತಕ್ಕದ್ದು."

"ಇದನ್ನ ತಿದ್ದೋಕಾಗಲ್ವೇನಮ್ಮ?"

"ತಿದ್ದುಪಡಿ ಮಾಡುವ ಅಧಿಕಾರ ಕರಡು ಬರೆದ ಅಧೀಕ್ಷಕರಿಗೆ ಮಾತ್ರ, ಅದೂ ಸೇವೆಯಲ್ಲಿರುವ ತನಕ ಅಂತ ಕೊನೇಲಿ ನೀವೇ ಸೇರಿಸಿದ್ದೀರಿ ಸರ್. ಎಂಥಾ ಮುಂದಾಲೋಚನೆ ಅಂತ ನಾವು ಈಗ್ಲೂ ಮಾತಾಡ್ಕೋತೀವಿ."

ಸೋಮಶೇಖರರಿಗೆ ಹೆಮ್ಮೆಯಾಯಿತು, ಆದರೂ ಅರ್ಜಿಯನ್ನು ಮೇಜಿನ ಮೇಲೆ ಇನ್ನಷ್ಟು ಮುಂದಕ್ಕೆ ತಳ್ಳಿದರು. ಗುರುವಿನ ಮೇಲಿನ ಗೌರವಕ್ಕೆ ಉಷಾರಾಣಿ ಸ್ಥಳ ಪರಿಶೀಲನೆಗೆ ಬರೆದರು. ಆರು ಅಂಗುಲಕ್ಕಿಂತ ಕಡಿಮೆ ಆಳದ್ದನ್ನು ಗುಂಡಿ ಎಂದು ಪರಿಗಣಿಸುವಂತಿಲ್ಲ, ಅದು ಗೀರು, ಎಂದು ನೆನಪಿಸಿದರು. ನೆನಪಿಸುವ ಅಗತ್ಯವಿರಲಿಲ್ಲ. ಅದೂ ಅವರದೇ ವಾಕ್ಯ.

ಸ್ವೀಕೃತಿ ಚೀಟಿಗೆ ಕಾಯಲು ಹೊರಗಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಸರು ಪುಟ್ಟತಾಯಮ್ಮ, ಚುಂಚನಕಟ್ಟೆ ಕಡೆಯವರು.

"ನಿಂದು ಏನಪ್ಪಾ?"

"ಅಳಿಲು."

"ನಂದು ಕೋತಿ. ಎಳನೀರೆಲ್ಲಾ ಕಿತ್ತಾಕ್ತವೆ. ಅದಿನಾಕು ವರ್ಸ ಆಯ್ತು. ಜಿಗ್ಯೋದು ನಿಲ್ಲಿಸ್ಲಿ, ಆಮೇಲ್ ಬಾ ಅಂತಾರೆ. ಕೋತಿ ಯಾವತ್ ನಿಲ್ಲಿಸ್ತದೆ, ಯೋಳು?"

ಸೋಮಶೇಖರರು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

ಮನೆಗೆ ಬಂದವರೇ ಅಂಗುಲದ ಟೇಪು ತೆಗೆದು ಅಳೆದರು. ಅಳಿಲುಗಳ ಕೆಲಸ ಎಲ್ಲೂ ಎರಡು ಅಂಗುಲ ದಾಟಿರಲಿಲ್ಲ. ಅವಕ್ಕೆ ನಿಯಮ ಗೊತ್ತಿಲ್ಲದ್ದರಿಂದ ತಾವೇ ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿದರು.

"ಏನ್ರೀ ಮಾಡ್ತಿದ್ದೀರಿ?" ಎಂದರು ನೀಲಾಂಬಿಕೆ.

"ಲಾನ್ ಉಳಿಸ್ತಿದ್ದೀನಿ."

ನೀಲಾಂಬಿಕೆ ಸ್ವಲ್ಪ ಹೊತ್ತು ನೋಡಿ, "ಆ ಮೂಲೇಲಿ ಒಂದು ಬಿಟ್ಟುಹೋಗಿದೆ" ಎಂದು ತೋರಿಸಿ ಒಳಗೆ ಹೋದರು. ನುಗ್ಗೆಮರದ ಕೊಂಬೆಯ ಮೇಲೆ ನಾಲ್ಕು ಅಳಿಲುಗಳು ಸಾಲಾಗಿ ಕೂತು ನೋಡುತ್ತಿದ್ದವು. ಸಂಜೆ ಹೊತ್ತಿಗೆ ನಲವತ್ತೊಂದು ಗುಂಡಿಗಳಾದವು, ಎಲ್ಲವೂ ನಿಯಮಬದ್ಧ. ಬೆನ್ನು ನೆಟ್ಟಗಾಗಲಿಲ್ಲ.

ಮರುದಿನ ಪರಿಶೀಲಕ ಮಾದೇಶ ಬಂದು ಎಲ್ಲ ಗುಂಡಿಗಳನ್ನೂ ಅಳೆದ. "ನಿಮ್ಮನೆ ಅಳಿಲು ಬಲೇ ಗಟ್ಟಿ ಕಣ್ರೀ ಸಾರ್" ಎಂದ. ವಾರದೊಳಗೆ ಹಿಂಬರಹ ಬಂತು: "ಅರ್ಜಿದಾರರ ಆವರಣದಲ್ಲಿ ಗುಂಡಿಗಳು ಕಂಡುಬಂದಿರುತ್ತವೆ, ಲಾನ್ ಕಂಡುಬಂದಿರುವುದಿಲ್ಲ. ಇಲ್ಲದ ಲಾನಿಗೆ ಹಾನಿ ಸಂಭವಿಸಲಾರದು. ಅರ್ಜಿ ವಿಲೇ ಮಾಡಿದೆ."

ಸೋಮಶೇಖರರು ಎರಡು ಸಲ ಓದಿದರು. ಎಲ್ಲೂ ಒಂದು ಹೆಚ್ಚಿನ ಪದವಿರಲಿಲ್ಲ. "ನಾನಾಗಿದ್ರೂ ಹೀಗೇ ಬರೀತಿದ್ದೆ" ಎಂದು ಹೆಂಡತಿಗೆ ತೋರಿಸಿದರು. ನೀಲಾಂಬಿಕೆ ಗುಂಡಿಗಳಿಗೆ ಗೊಬ್ಬರ ತುಂಬಿ ಬದನೆ ಸಸಿ ನೆಡುತ್ತಿದ್ದರು. ತಲೆ ಎತ್ತದೆ "ಚೆನ್ನಾಗಿದೆ" ಎಂದರು.

ಮೇಲ್ಮನವಿ ಹಿಡಿದು ಹೋದಾಗ ಬೆಂಚಿನಲ್ಲಿ ಪುಟ್ಟತಾಯಮ್ಮ ಇದ್ದರು. ಸೋಮಶೇಖರರಿಗೆ ತಡೆಯಲಾಗಲಿಲ್ಲ.

"ಅವ್ವಾ, ಆ ಜಿಗಿತದ ಸುತ್ತೋಲೆ ಬರೆದವನು ನಾನೇ."

"ಗೊತ್ತು ಕಣಪ್ಪ. ಅವತ್ತು ನೀನೇ ಕಿಟಕಿ ಒಳಗೆ ಕೂತಿದ್ದೆ, ತಲೇಲಿ ಕೂದ್ಲಿತ್ತು. ಓದ್ಸಲ ನೋಡ್ದೇಟ್ಗೇ ಗುರ್ತು ಸಿಕ್ತು."

"ಮತ್ತೆ ಬಯ್ಯಲಿಲ್ಲವಲ್ಲ?"

"ಬಯ್ಯೋದ್ಯಾಕೆ? ಇಲ್ಲಿ ಕಾಯೋದ್ರಿಂದ ಏನಾದ್ರೂ ಆಯ್ತದೋ ಇಲ್ವೋ ಅಂತ ನಂಗೇ ಅನುಮಾನ ಇತ್ತು. ಬರ್ದೋನೇ ಬಂದು ಕೂತವ್ನೆ ಅಂದ್ಮೇಲೆ, ಇದೇ ಸರ್ಯಾದ್ ಜಾಗ ಅಂತ ಧೈರ್ಯ ಬಂತು."

ಅಟೆಂಡರ್ ನಿಂಗರಾಜು ಬಾಗಿಲಲ್ಲಿ ನಿಂತು, ಜಿಗಿಯುವ ಜೀವಿಗಳ ಕಡೆಯವರೆಲ್ಲ ಮುಂದಿನ ಮಂಗಳವಾರ ಬರಬೇಕೆಂದು ಕೂಗಿದ. ಇಬ್ಬರೂ ಎದ್ದರು.

"ಅತ್ತು ಗಂಟೆಗೇ ಬಂದ್ಬುಡು" ಎಂದರು ಪುಟ್ಟತಾಯಮ್ಮ, ಕವರಿಗೆ ಗಂಟು ಹಾಕುತ್ತ. "ಲೇಟಾದ್ರೆ ಫ್ಯಾನ್ ಕೆಳಗೆ ಜಾಗ ಸಿಗಾಕಿಲ್ಲ."

"ಆಗಲಿ ಅವ್ವಾ" ಎಂದರು ಸೋಮಶೇಖರರು.