ದೋಷದ ಸ್ಯಾಂಪಲ್

ವರ್ತಕರ ಸಂಘದ ಕಾರು ಕೆಟ್ಟಿಲ್ಲವೆಂದು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿರುತ್ತದೆ. ತೀರ್ಮಾನವಾದ ಕೂಡಲೇ ಅಧ್ಯಕ್ಷರು ಮಗಳ ಸ್ಕೂಟರಿನಲ್ಲಿ ಹೊರಟುಹೋದದ್ದರಿಂದ ಉಳಿದ ಸದಸ್ಯರು ಮನೆಗೆ ನಡೆದುಕೊಂಡು ಹೋದರು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆದರೂ ಹೊಸ ಸದಸ್ಯರ ತಿಳುವಳಿಕೆಗಾಗಿ ವಿವರಿಸಬೇಕಾಗಿದೆ.

ನಮ್ಮ ಕಾರು ಕೆಲವು ದಿನ ಕೀಲಿ ತಿರುಗಿಸಿದ ಕೂಡಲೇ ಹೊರಡುತ್ತಿತ್ತು. ಕೆಲವು ದಿನ ‘ಟಕ್’ ಎಂದು ಒಂದು ಸದ್ದು ಮಾಡಿ, ಇನ್ನು ನಿಮ್ಮಿಷ್ಟ ಎಂಬಂತೆ ಸುಮ್ಮನಾಗುತ್ತಿತ್ತು. ರಿಪೇರಿ ಮಾಡಿಸಿ ಎಂದು ಡ್ರೈವರ್ ಕೇಳಿಕೊಂಡ.

ಖಜಾಂಚಿಗಳು ಧಾನ್ಯದ ವ್ಯಾಪಾರಿ. ಮೂಟೆಗೆ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಸುರಿದುಕೊಳ್ಳದೆ ಗಂಟು ಬಿಚ್ಚಿದವರಲ್ಲ.

“ದೋಷ ಇದೆ ಅಂತೀಯ. ಸರಿ, ಸ್ಯಾಂಪಲ್ ತೋರ್ಸು.”

“ಅದು ಬಂದಾಗ ಬರತ್ತೆ, ಹೋದಾಗ ಹೋಗತ್ತೆ ಸಾರ್.”

“ಬಂದು ಹೋಗೋ ಮಾಲಿಗೆ ನಾನು ದುಡ್ಡು ಕೊಡಲ್ಲಪ್ಪ.”

ಮಾಲು ಪರೀಕ್ಷೆಗೆ ಸಮಿತಿ ಅಂಗಳದಲ್ಲಿ ಸೇರಿತು. ಅಧ್ಯಕ್ಷರು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಅವರು ಬಾಗಿಲು ಎಳೆದುಕೊಂಡರೆ ಎದುರು ಅಂಗಡಿಯ ತಕ್ಕಡಿ ಅಲ್ಲಾಡುತ್ತದೆ. ಡ್ರೈವರ್ ಕೀಲಿ ತಿರುಗಿಸಿದ. ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಟಿತು.

“ಓಡಿಸಲಾರದವನು ಕಾರು ಡೊಂಕು ಅಂದನಂತೆ,” ಎಂದರು ಖಜಾಂಚಿ.

ಮರುದಿನ ಡ್ರೈವರನ ಕೈಗೆ ಪತ್ರ ಬಂತು: “ತಾವು ಇಲ್ಲದ ದೋಷವನ್ನು ಇದೆಯೆಂದು ಸಂಘಕ್ಕೆ ತೋರಿಸಲು ಯತ್ನಿಸಿರುತ್ತೀರಿ. ಮುಂದಿನ ಪರೀಕ್ಷೆಯಲ್ಲಿ ಸದರಿ ದೋಷವನ್ನು ಸುಸ್ಥಿತಿಯಲ್ಲಿ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಗುವುದು.”

ಡ್ರೈವರ್ ತನ್ನ ಅಕ್ಕನ ಮಗಳ ಗ್ಯಾರೇಜಿಗೆ ಓಡಿದ. “ಈ ವಯಸ್ಸಲ್ಲಿ ನಂಗ್ಯಾರು ಸ್ಟೇರಿಂಗ್ ಕೊಡ್ತಾರಮ್ಮ?”

“ಹೆದರಬೇಡ ಮಾವ, ನಾನೂ ಬರ್ತೀನಿ,” ಎಂದಳು ಅವಳು, ಕೈಯ ಎಣ್ಣೆ ಒರೆಸಿಕೊಳ್ಳುತ್ತ.

ಎರಡನೆಯ ಪರೀಕ್ಷೆಯಲ್ಲೂ ಅಧ್ಯಕ್ಷರು ಕೂತರು, ಬಾಗಿಲು ಎಳೆದುಕೊಂಡರು, ಕಾರು ಹೊರಟಿತು. ಡ್ರೈವರನ ಮುಖ ಹುಳ್ಳಗಾಯಿತು. ಅಕ್ಕನ ಮಗಳು ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನು ಒಂದು ಬೆರಳಿನಿಂದ ಅಲ್ಲಾಡಿಸಿದಳು.

“ಇದು ಸಡಿಲ ಆಗಿದೆ ಸಾರ್. ಬಾಗ್ಲು ಜೋರಾಗಿ ಹಾಕಿದ್ರೆ ತಾಗತ್ತೆ, ಹೊರಡತ್ತೆ. ಮೆಲ್ಲಗೆ ಹಾಕಿದ್ರೆ ಇಲ್ಲ.”

“ನೀನ್ಯಾಕಯ್ಯ ಜೋರಾಗಿ ಹಾಕಲ್ಲ?” ಎಂದು ಅಧ್ಯಕ್ಷರು ಡ್ರೈವರನನ್ನು ಕೇಳಿದರು.

“ನಿಯಮ ಇದೆಯಲ್ಲ ಸಾರ್.”

ಇತ್ತು. ಸಿಬ್ಬಂದಿಯು ಕಾರಿನ ಬಾಗಿಲನ್ನು ಮೃದುವಾಗಿ ಮುಚ್ಚತಕ್ಕದ್ದು, ಜೋರಾಗಿ ಮುಚ್ಚುವ ಹಕ್ಕು ಅಧ್ಯಕ್ಷರದ್ದು.

“ಒಂದು ನಟ್ ಬಿಗಿ ಮಾಡಿದ್ರೆ ಮುಗೀತು,” ಎಂದು ಅವಳು ರೇಟು ಹೇಳಿದಳು.

ಖಜಾಂಚಿಗಳು ಗಲ್ಲ ಕೆರೆದುಕೊಂಡರು. “ಅರ್ಧ ದಿನ ತಾನಾಗೇ ಹೊರಡತ್ತಲ್ಲಮ್ಮ. ಹೊರಡದ ಅರ್ಧಕ್ಕೆ ಮಾತ್ರ ರೇಟು ಹೇಳು.”

“ಆಯ್ತು ಸಾರ್. ಅರ್ಧ ದುಡ್ಡಿಗೆ ಅರ್ಧ ಸುತ್ತು ತಿರುಗಿಸ್ತೀನಿ.”

ನ್ಯಾಯವಾದ ಮಾತು. ವ್ಯಾಪಾರ ಕುದುರಿತು ಎನ್ನುವಷ್ಟರಲ್ಲಿ ಅಧ್ಯಕ್ಷರು ಕೈ ಎತ್ತಿದರು.

“ಬಿಗಿ ಮಾಡಿದ್ರೆ ಯಾರು ಬೇಕಾದ್ರೂ ಹೊರಡಿಸಬಹುದಾ?”

“ಯಾರು ಬೇಕಾದ್ರೂ ಸಾರ್.”

“ಹಂಗಾದ್ರೆ ಬೇಡ. ಈ ಕಾರು ಯಾರ್ಯಾರನ್ನೋ ಒಲ್ಲೆ ಅಂದಿದೆ, ನನ್ನನ್ನ ಒಂದು ದಿನವೂ ಅಂದಿಲ್ಲ. ಅದಕ್ಕೆ ತಿಳುವಳಿಕೆ ಇದೆ.”

ಖರ್ಚಿಲ್ಲದ ಮಾತಾದ್ದರಿಂದ ಖಜಾಂಚಿಗಳು ತಕ್ಷಣ ಅನುಮೋದಿಸಿದರು. ಅಧ್ಯಕ್ಷರ ಅನುಪಸ್ಥಿತಿಯಲ್ಲಿ ಹೊರಡದಿರುವುದನ್ನು ಕಾರಿನ ಶಿಸ್ತು ಎಂದು ಪರಿಗಣಿಸತಕ್ಕದ್ದೆಂದು ಬರೆಯಲಾಯಿತು.

“ದೋಷವೇ ಇಲ್ಲ ಅಂತಾಯ್ತು. ಅಂದ್ರೆ ಇವನು ಹೇಳಿದ್ದು ಸುಳ್ಳು,” ಎಂದು ಖಜಾಂಚಿಗಳು ಬಿಡುಗಡೆಯ ಪತ್ರಕ್ಕೆ ಪೆನ್ನಿನ ಮುಚ್ಚಳ ತೆಗೆದರು.

ಡ್ರೈವರ್ ಕೈಕಟ್ಟಿ ನಿಂತ. “ನಾನು ದೋಷ ಅಂದದ್ದು ತಪ್ಪು ಸಾರ್. ಅದು ಅಧ್ಯಕ್ಷರ ಮೇಲಿನ ಮರ್ಯಾದೆ ಅಂತ ಆವಾಗ ಹೊಳೀಲಿಲ್ಲ.”

“ನೋಡಿ, ಕಾರಿನ ಜೊತೆ ಇದ್ದೂ ಇದ್ದೂ ಇವನಿಗೂ ಬುದ್ಧಿ ಬಂದಿದೆ,” ಎಂದರು ಅಧ್ಯಕ್ಷರು. ಕೆಲಸ ಉಳಿಯಿತು, ಖಾಯಂ ಕೂಡ ಆಯಿತು.

ಈಗ ವ್ಯವಸ್ಥೆ ಸುಗಮವಾಗಿದೆ. ಒಂದು ಮೂಟೆ ಸಾಗಿಸಬೇಕಾದರೂ ಅಧ್ಯಕ್ಷರು ಬಂದು ಬಾಗಿಲು ಹಾಕಿಕೊಡುತ್ತಾರೆ. ದಾರಿಯಲ್ಲಿ ನಿಂತರೆ ಮತ್ತೆ ಹಾಕಬೇಕಾಗುವುದರಿಂದ ಜೊತೆಗೇ ಹೋಗುತ್ತಾರೆ. ಇದಕ್ಕಾಗಿ ಮಂಜೂರಾದ ಬಾಗಿಲು ಭತ್ಯೆಯಲ್ಲಿ ತಿಂಗಳಿಗೊಂದು ಚೀಲ ನಟ್ಟು ಕೊಳ್ಳಬಹುದು. ಯಾರೂ ಆಕ್ಷೇಪಿಸಿಲ್ಲ. ಮುಂದಿನ ಸಲ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಆಲೋಚನೆ ಎಲ್ಲರಿಗೂ ಇದೆ. ಖಜಾಂಚಿಗಳು ಈಗಾಗಲೇ ತಮ್ಮ ಮಳಿಗೆಯ ಬಾಗಿಲ ಮೇಲೆ ಅಭ್ಯಾಸ ನಡೆಸಿದ್ದಾರೆ.

ಮೊನ್ನೆ ಎದುರು ರಸ್ತೆಯ ಸಂಘದವರು ಹೊಸ ಕಾರು ಕೊಂಡು, ಹೆಚ್ಚಿನ ಸಂಬಳಕ್ಕೆ ನಮ್ಮ ಡ್ರೈವರನನ್ನು ಕರೆದರು. ಅವನು ಹೋಗಿ ನೋಡಿಬಂದ.

“ಯಾಕಯ್ಯ ವಾಪಸ್ ಬಂದೆ?” ಎಂದು ಕೇಳಿದೆವು.

“ಯಾರು ಕೀಲಿ ತಿರುಗಿಸಿದ್ರೂ ಹೊರಡತ್ತೆ ಸಾರ್, ಅದೂ ಒಂದು ಕಾರಾ? ದಿನವಿಡೀ ಓಡಿಸಬೇಕು,” ಎಂದು ಅವನು ಸೀಟನ್ನು ಹಿಂದಕ್ಕೆ ಒರಗಿಸಿ, ಅಧ್ಯಕ್ಷರು ಬರುವವರೆಗೆ ಟವೆಲನ್ನು ಮುಖಕ್ಕೆ ಎಳೆದುಕೊಂಡ.