ಎರೆಹುಳುಗಳಿಗೆ ಓವರ್‌ಟೈಮ್

ಕಾರ್ಖಾನೆಯ ಸೂಪರ್‌ವೈಸರ್ ಸಾಹೇಬರು ನಿವೃತ್ತರಾಗಿ ಮನೆ ಸೇರಿದ ಮೇಲೆ ಅವರ ಕೈಕೆಳಗೆ ಯಾರೂ ಇಲ್ಲದಂತಾಯಿತು. ಇದ್ದೊಬ್ಬ ಹೆಂಡತಿ ಮಾತು ಕೇಳುವ ಪೈಕಿಯಲ್ಲ, ಕೇಳಿಸಿಕೊಂಡು ಸುಮ್ಮನಿರುವ ಪೈಕಿ. ಬೀಳ್ಕೊಡುಗೆಯ ದಿನ ಹಾರ ಹಾಕಿದವರೆಲ್ಲ ಫೋಟೊ ತೆಗೆದದ್ದೇ ತಡ, ಇವರನ್ನು ಕುರ್ಚಿಯಲ್ಲೇ ಬಿಟ್ಟು ತಿಂಡಿಯ ಮೇಜಿಗೆ ಓಡಿದ್ದು ಬೇರೆ ಎದೆಯಲ್ಲಿ ಚುಚ್ಚುತ್ತಿತ್ತು. ತನ್ನ ಆಡಳಿತಕ್ಕೆ ಇನ್ನೂ ಖದರಿದೆ ಎಂದು ಹೆಂಡತಿಗಾದರೂ ತೋರಿಸಲೇಬೇಕಿತ್ತು.

ಹಿತ್ತಲ ಮೂಲೆಯಲ್ಲಿ ಗೋಣಿತಾಟು ಹೊದಿಸಿದ ಹಳೆಯ ಸಗಣಿಗೊಬ್ಬರದ ರಾಶಿಯಿತ್ತು. ತನ್ನ ಗುಲಾಬಿ ಗಿಡಗಳಿಗೆಂದು ಆಕೆ ವರ್ಷವಿಡೀ ಕಾದು ಮಾಗಿಸಿದ್ದು. ಸಾಹೇಬರ ಕಣ್ಣು ಅದರ ಮೇಲೆ ಬಿತ್ತು.

"ಇದಕ್ಕೆ ಎರೆಹುಳು ಬಿಡ್ತೀನಿ. ಎಂಥಾ ಗೊಬ್ಬರ ತೆಗೀತೀನಿ, ನೋಡ್ತಾ ಇರು."

"ಅದು ಇದ್ದ ಹಾಗೇ ಚೆನ್ನಾಗಿದೆ."

"ವರ್ಷದಿಂದ ಸುಮ್ನೆ ಬಿದ್ಕೊಂಡಿದೆ. ಕೆಲಸ ತೆಗೆಯೋರು ಒಬ್ರು ಬೇಕಲ್ವಾ?"

ಅಡುಗೆಮನೆಯ ಹಿಂಬಾಗಿಲ ಪಕ್ಕ ಮರದ ಪೆಟ್ಟಿಗೆ ಬಂತು, ರಾಶಿಯೆಲ್ಲ ಅದರೊಳಗೆ ಹೋಯಿತು, ಅದರ ಮೇಲೆ ಎರೆಹುಳುಗಳು ನೇಮಕಗೊಂಡವು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊತ್ತುಹೊತ್ತಿಗೆ ತಪಾಸಣೆಗೆ ಬರುತ್ತಿದ್ದರು. ಬಂದವರೇ ಕರಣೆಯಿಂದ ಗೊಬ್ಬರ ಕೆದಕಿ, ಕೆಲಸದಲ್ಲಿದ್ದವರನ್ನು ಬೆಳಕಿಗೆಳೆದು ವಿಚಾರಣೆ ಮಾಡುತ್ತಿದ್ದರು.

"ಇವನನ್ನ ನೋಡು, ನಿನ್ನೆ ಇದ್ದಲ್ಲೇ ಇದಾನೆ."

"ನಿನ್ನೆಯವನೇ ಅಂತ ಹೇಗೆ ಗೊತ್ತು?"

"ಸೋಮಾರಿ ಮುಖ ನಂಗೆ ಗೊತ್ತಾಗಲ್ವಾ?"

"ಮುಖ ಯಾವ ಕಡೆ ಇದೆ ಅಂತ ಹೇಳಿ ಮೊದಲು."

ವಾರ ಕಳೆದರೂ ಉತ್ಪಾದನೆ ಮೇಲೇಳಲಿಲ್ಲ. ಸಾಹೇಬರು ಓವರ್‌ಟೈಮ್ ಘೋಷಿಸಿದರು. ಬೀದಿ ಕೊನೆಯ ಕೊಟ್ಟಿಗೆಯಿಂದ ಬುಟ್ಟಿಗಟ್ಟಲೆ ಹಸಿ ಸಗಣಿ ತರಿಸಿ ಪೆಟ್ಟಿಗೆಗೆ ಸುರಿದು ಕಲಸಿದರು.

"ಹಸಿ ಸಗಣಿ ಒಳಗೊಳಗೇ ಕಾವೇರುತ್ತೆ. ಹುಳ ಬೆಂದು ಹೋಗ್ತವೆ," ಎಂದಳು ಆಕೆ.

"ಬಿಸಿ ಮುಟ್ಟಿಸದೆ ಯಾರೂ ಕೆಲಸ ಮಾಡಲ್ಲ. ಇದು ನನ್ನ ಸರ್ವಿಸಿನ ಅನುಭವ."

ಒಂದೆರಡು ದಿನ ಕಳೆದು, ಬೆಳಗ್ಗೆ ಹಿಂಬಾಗಿಲು ತೆಗೆದರೆ ಸಿಬ್ಬಂದಿಯೆಲ್ಲ ಗುಳೆ ಹೊರಟಿದೆ! ಗೋಡೆಯ ಮೇಲೆ ಹುಳ, ಬಚ್ಚಲ ಕಾಲುವೆಯಲ್ಲಿ ಹುಳ, ಸಾಹೇಬರ ಪಾಲಿಶ್ ಮಾಡಿದ ಬೂಟಿನೊಳಗೆ ಒಂದು ನಿಯೋಗ. ಸಾಹೇಬರು ಪೊರಕೆ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತು, "ನಡೀರಿ ಒಳಗೆ, ನಡೀರಿ," ಎಂದು ಗದರಿದರು. ಒಂದೂ ತಿರುಗಿ ನೋಡಲಿಲ್ಲ.

ಹೆಂಡತಿ ಬಂದು ಪೆಟ್ಟಿಗೆಗೆ ಕೈಯಿಟ್ಟವಳು ಚುರ್ ಎಂದೊಡನೆ ಹಿಂದೆಗೆದಳು. ಓಡಲಾಗದ ಹುಳಗಳು ಬೆಳ್ಳಗೆ ಬಿದ್ದಿದ್ದವು. ಮಣ್ಣಿನ ವಾಸನೆ ಬರುತ್ತಿದ್ದ ಅವಳ ಗೊಬ್ಬರ ಈಗ ಗಬ್ಬು ನಾರುತ್ತಿತ್ತು. ಈ ಸಲ ಗುಲಾಬಿಗೆ ಹಾಕಲು ಏನೂ ಉಳಿಯಲಿಲ್ಲ. ಆಕೆಯ ಮುಖ ಸಪ್ಪಗಾದದ್ದು ಸಾಹೇಬರಿಗೂ ಕಂಡಿತು. ಕ್ಷಮಿಸು ಎನ್ನಲು ಬಾಯಿ ತೆರೆದರು, ಬಂದದ್ದು ಬೇರೆ.

"ಹೊತ್ತಿಗೆ ಸರಿಯಾಗಿ ಊಟ, ನೀರು, ನೆರಳು. ನಾನೇನು ಕಡಿಮೆ ಮಾಡಿದ್ದೆ? ಆದ್ರೂ ಬಿಟ್ಟು ಹೋದ್ವಲ್ಲ."

ಆಕೆ ಬದುಕಿದ್ದ ಹುಳಗಳನ್ನು ಒದ್ದೆ ಬಟ್ಟೆಯಲ್ಲಿ ಆಯ್ದು ಗಿಡದ ಬುಡಕ್ಕೆ ಬಿಡುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಹೋಗೋಕೆ ಜಾಗ ಇರೋವು ಹೋದ್ವು. ಇಲ್ಲದೋಳು ನಾನು, ಚಹಾ ಮಾಡ್ತೀನಿ, ಕೈ ತೊಳ್ಕೊಂಡು ಬನ್ನಿ."